ಹುಳ ಇದೆ, ಹುಳ ಇಲ್ಲ

ಮಳೆ ಹಿಂದೆ ಸರಿದು ಜೋಳ ಆಳೆತ್ತರ ದಾಟಿದ ಕಾಲ ಅದು. ಗುರುವಾರ. ಎಲೆ ಮೇಲಿನ ಇಬ್ಬನಿ ಆರಿತ್ತು, ಕೆಲಸದವರ ಬೆನ್ನು ಇನ್ನೂ ಬೆವೆತಿರಲಿಲ್ಲ. ಆ ಹೊತ್ತಿನಲ್ಲಿ ಲೈನು ಮನೆಗಳ ಮೇಲೆ ವಿಷ ಸುರಿಯಿತು.

ಲೈನು ಅಂದರೆ ಕಂಪನಿ ಹೊಲದ ನಟ್ಟನಡುವೆ ಎರಡು ಸಾಲು ಗುಡಿಸಲು. ಸುತ್ತ ಎತ್ತ ತಿರುಗಿದರೂ ಜೋಳ. ಬೆಳಿಗ್ಗೆ ಒಂದು ಅಂಚಿನಿಂದ ನಡೆಯೋಕೆ ಶುರು ಮಾಡಿದರೆ ಬುತ್ತಿ ಬಿಚ್ಚುವ ಹೊತ್ತಿಗೂ ಇನ್ನೊಂದು ಅಂಚು ಸಿಗುವುದಿಲ್ಲ. ಇಷ್ಟು ದೊಡ್ಡ ಹೊಲದಲ್ಲಿ ಹುಳ ಎಲ್ಲಿ ಬಿದ್ದಿದೆ ಅಂತ ಕಾಲಲ್ಲಿ ನಡೆದು ಹುಡುಕುವುದು ಆಗದ ಮಾತು. ಅದಕ್ಕೆ ಕಂಪನಿ ಆಕಾಶದಿಂದ ಚಿತ್ರ ತೆಗೆಸುತ್ತಿತ್ತು. ಪ್ರತಿ ಬುಧವಾರ ಉಪಗ್ರಹ ಮೇಲೆ ಹಾದು ಹೋಗುತ್ತಿತ್ತು. ಚೆನ್ನಾಗಿರುವ ಬೆಳೆ ಚಿತ್ರದಲ್ಲಿ ಹಸಿರು. ಹುಳ ತಿಂದು ಒಣಗಿದ್ದು ಕೆಂಪು ಮಚ್ಚೆ. ಗುರುವಾರ ಬೆಳಿಗ್ಗೆ ಕೆಂಪು ಮಚ್ಚೆ ಇದ್ದಲ್ಲಿಗೆ ಡ್ರೋನು ಹಾರಿಹೋಗಿ ಔಷಧಿ ಹೊಡೆಯುತ್ತಿತ್ತು. ಔಷಧಿ ಅನ್ನುವುದು ಕಂಪನಿಯ ಮಾತು. ಲೈನಿನಲ್ಲಿ ಅದಕ್ಕೆ ವಿಷ ಅಂತಲೇ ಹೆಸರು.

"ಮೊದಲು ಮೇಲಿರೋನು ಒಬ್ಬನೇ ಇದ್ದ," ಅನ್ನುತ್ತಿದ್ದಳು ಕುಳ್ಳಿ. ಅವಳು ಗುಂಡಿಯಕ್ಕನ ಪಕ್ಕದ ಗುಡಿಸಲಿನವಳು, ಕಂಪನಿ ಆಫೀಸಿನ ಕಸ ಗುಡಿಸುವವಳು. "ಅವನು ಎಲ್ಲಾ ನೋಡಿಯೂ ಸುಮ್ಮನಿರ್ತಿದ್ದ. ಈ ಹೊಸಬ ಸುಮ್ಮನಿರಲ್ಲ ನೋಡು."

ಗುಂಡಿಯಕ್ಕನಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ಚಿತ್ರ ಹೊಸದಾಗಿ ಬಂದಾಗ ಅದಕ್ಕೆ ಬುದ್ಧಿ ಇರಲಿಲ್ಲ. ನೀರು ನಿಂತು ಹಳದಿಯಾದ ಬೆಳೆಗೂ ಹುಳ ಅನ್ನುತ್ತಿತ್ತು, ಮೋಡದ ನೆರಳಿಗೂ ಹುಳ ಅನ್ನುತ್ತಿತ್ತು. ಅದಕ್ಕೆ ಕಲಿಸಬೇಕಿತ್ತು. ಹೆಂಗಸರ ಕೈಗೆ ಒಂದೊಂದು ಫೋನು ಕೊಟ್ಟರು. ಕೆಂಪು ಮಚ್ಚೆ ತೋರಿಸಿದ ಜಾಗಕ್ಕೆ ನಡೆದುಹೋಗು. ಗಿಡದ ಸುಳಿ ಬಿಡಿಸಿ ನೋಡು. ಹುಳ ಇದ್ದರೆ ಕೆಂಪು ಗುಂಡಿ ಒತ್ತು. ಇಲ್ಲದಿದ್ದರೆ ಹಸಿರು ಗುಂಡಿ ಒತ್ತು. ನಿಂತ ಜಾಗ ಯಾವುದು ಅಂತ ಫೋನಿಗೆ ತಾನಾಗೇ ಗೊತ್ತು. ಈ ಕೆಲಸಕ್ಕೆ ನೆಲದ ಸಾಕ್ಷಿ ಅಂತ ಆಫೀಸಿನವರು ಹೆಸರಿಟ್ಟಿದ್ದರು. ಹೆಸರು ದೊಡ್ಡದು. ಕೆಲಸ ಮಾತ್ರ ನಡೆಯುವುದು, ಬಗ್ಗುವುದು, ಒತ್ತುವುದು.

ಜೋಳದ ಎಲೆಯ ಅಂಚು ಗರಗಸ. ಸಾಲಿನೊಳಗೆ ನುಗ್ಗಿದರೆ ಮುಂಗೈ, ಕುತ್ತಿಗೆ, ಕೆನ್ನೆ ಎಲ್ಲ ಸಣ್ಣಗೆ ಕೊಯ್ಯುತ್ತದೆ. ಕೊಯ್ದಲ್ಲಿ ಬೆವರು ಇಳಿದರೆ ಉರಿ. ಗುಂಡಿಯಕ್ಕ ಹಾಗೆ ವರ್ಷಗಟ್ಟಲೆ ನಡೆದಳು. ಅವಳ ಜೊತೆಯ ಹೆಂಗಸರೂ ನಡೆದರು. ಚಿತ್ರ ಕಲಿಯುತ್ತ ಹೋಯಿತು. ಈ ವಿಷ ಸುರಿದ ವರ್ಷ, ಬಿತ್ತನೆಗೆ ಮುಂಚೆ, ಸಾಹೇಬರು ಎಲ್ಲರನ್ನೂ ಕೂರಿಸಿ ಹೇಳಿದರು:

"ಇನ್ನು ನೀವು ಒತ್ತೋದು ಬೇಡ. ಚಿತ್ರ ಚೆನ್ನಾಗಿ ಕಲಿತುಬಿಟ್ಟಿದೆ. ನಿಮ್ಮಿಂದಲೇ ಕಲಿತದ್ದು. ಚಪ್ಪಾಳೆ ಹೊಡೀರಿ."

ಹೆಂಗಸರು ಚಪ್ಪಾಳೆ ಹೊಡೆದರು. ಮಾರನೇ ದಿನದಿಂದ ಅವರನ್ನು ಒಣಗಿದ ದಂಟು ಕೀಳುವ ಕೆಲಸಕ್ಕೆ ಹಾಕಿದರು. ಫೋನು ಬೆಳಿಗ್ಗೆ ಹಾಜರಿ ಹಾಕುವುದಕ್ಕೆ ಉಳಿಯಿತು. ಹೆಸರೂ ಉಳಿಯಿತು. ಅಲ್ಲಿವರೆಗೆ ಅವರು ಹೋಗಿ ನೋಡಿ ಒತ್ತಿದ ಮೇಲೇ ಹಾರುತ್ತಿದ್ದ ಡ್ರೋನು ಇನ್ನು ಚಿತ್ರ ಹೇಳಿದ ಕೂಡಲೇ ಹಾರತೊಡಗಿತು.

ಯಾರೇ ಕಿತ್ತರೂ ದಂಟು ಕಂಪನಿಗೆ ಮೊದಲಿಂದಲೂ ಬೇಡ. ಹುಳ ತಿಂದದ್ದನ್ನು ದನವೂ ಮೂಸುವುದಿಲ್ಲ. ಹೆಂಗಸರು ಅದನ್ನು ಹೊರೆ ಕಟ್ಟಿ ಲೈನಿಗೆ ಹೊತ್ತು ತಂದು ಮಾಡಿಗೆ ಹೊದಿಸುತ್ತಿದ್ದರು. ಮೊದಲು ಹಾಗಿರಲಿಲ್ಲ. ಮೊದಲು ಗುಡಿಸಲುಗಳಿಗೆ ತಗಡಿತ್ತು. ತೂತು ಬಿದ್ದಿತ್ತು, ತುಕ್ಕು ಹಿಡಿದಿತ್ತು, ಆದರೂ ತಗಡು. ಚಿತ್ರ ಬಂದ ವರ್ಷ ಸಾಹೇಬರು ತಗಡು ಕೀಳಿಸಿದರು. ಬಿಸಿಲಿಗೆ ಅದು ಫಳಫಳ ಹೊಳೆಯುತ್ತದಂತೆ. ಅದರ ಹೊಳಪಿಗೆ ಅಕ್ಕಪಕ್ಕದ ಬೆಳೆ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ತಗಡೆಲ್ಲ ಆಫೀಸಿನ ಜೀಪು ನಿಲ್ಲಿಸುವ ಕೊಟ್ಟಿಗೆಗೆ ಹೋಯಿತು. ಆವತ್ತಿನಿಂದಲೇ ಲೈನಿಗೆ ದಂಟು ಬಂತು.

ಆ ಗುರುವಾರ ಗುಂಡಿಯಕ್ಕ ದೂರದ ತಾಕಿನಲ್ಲಿ ದಂಟು ಕೀಳುತ್ತಿದ್ದಳು. ಹೋಗುವ ಮುಂಚೆ ಅವ್ವನನ್ನು ಬೆನ್ನ ಮೇಲೆ ಹೊತ್ತು ತಂದು ಹೊರಗಿನ ಮಂಚದ ಮೇಲೆ ಮಲಗಿಸಿದ್ದಳು. ಅವ್ವನ ಸೊಂಟ ಹೋಗಿ ಬಹಳ ಕಾಲವಾಗಿತ್ತು. ಒಳಗೆ ಕತ್ತಲು, ತೇವ. ಬೆಳಗಿನ ಬಿಸಿಲು ಮೈಗೆ ಬಿದ್ದರೆ ಅವ್ವ ಸ್ವಲ್ಪ ಹಗುರಾಗುತ್ತಿದ್ದಳು. ಬಾಯಿಗೂ ಜೀವ ಬರುತ್ತಿತ್ತು.

"ಎಳೇ ಮಗು ಹೊತ್ತ ಹಾಗೆ ಹೊರ್ತೀಯಲ್ಲೇ," ಅಂದಿದ್ದಳು ಅವತ್ತು.

"ಎಳೇ ಮಗು ಇಷ್ಟು ಬೈಯಲ್ಲ," ಅಂದಿದ್ದಳು ಮಗಳು.

ಅವ್ವನೂ ಅದೇ ಹೊಲದಲ್ಲಿ ಸವೆದವಳು. ಅವಳ ಕಾಲದಲ್ಲಿ ಚಿತ್ರ ಇರಲಿಲ್ಲ, ಡ್ರೋನೂ ಇರಲಿಲ್ಲ. ಸುಳಿಯೊಳಗೆ ಬೆರಳು ಹಾಕಿ ಹುಳ ಹಿಡಿದು ಹಿಸುಕಬೇಕಿತ್ತು. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ. ಅವಳ ಹೆಬ್ಬೆರಳು ತೋರುಬೆರಳ ನಡುವೆ ಒಂದು ಕರಿ ಕಲೆ ಕೂತಿತ್ತು. ಬೂದಿ ಹಾಕಿ ಉಜ್ಜಿದರೂ ಹೋಗಿರಲಿಲ್ಲ. ಉಣ್ಣುವಾಗ ಆ ಎರಡು ಬೆರಳು ಮಡಚಿಕೊಂಡೇ ಉಣ್ಣುತ್ತಿದ್ದಳು.

ದೂರದಲ್ಲಿ ಸೈರನ್ ಆಯಿತು. ಔಷಧಿ ಲಾರಿಯವರು ಡ್ರೋನು ಬಿಡುವ ಮುಂಚೆ ಸೈರನ್ ಹಾಕುತ್ತಾರೆ. ಪ್ರತಿ ಗುರುವಾರ ಯಾವುದೋ ದಿಕ್ಕಿನಿಂದ ಅದು ಕೇಳುತ್ತಲೇ ಇರುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಗುಂಡಿಯಕ್ಕನೂ ಎತ್ತಲಿಲ್ಲ. ಮೂರು ಡ್ರೋನು ಅವಳ ತಲೆ ಮೇಲೆ ಹಾದು ಹೋದವು. ಆಮೇಲೆ ಒಬ್ಬಳು ಕೇಳಿದಳು:

"ಅಕ್ಕಾ, ಅವು ಲೈನಿನ ಕಡೆ ಯಾಕೆ ಇಳೀತಿವೆ?"

ಗುಂಡಿಯಕ್ಕ ಹೊರೆ ಬಿಸಾಕಿ ಓಡಿದಳು. ದಾರಿ ಹಿಡಿದು ಓಡಲಿಲ್ಲ, ಬೆಳೆಯೊಳಗೇ ನುಗ್ಗಿದಳು. ಎಲೆಗಳು ಮುಖಕ್ಕೆ ಹೊಡೆದವು. ಲೈನು ಮುಟ್ಟುವ ಹೊತ್ತಿಗೆ ಡ್ರೋನುಗಳು ಸುರಿದು ಮುಗಿಸಿ ತಿರುಗಿ ಹೋಗಿದ್ದವು. ಮಾಡಿನಿಂದ ತೊಟ್ಟಿಕ್ಕುತ್ತಿತ್ತು. ಹಗ್ಗದ ಮೇಲಿನ ಬಟ್ಟೆ ತೊಯ್ದಿತ್ತು. ಕೊಡದ ನೀರಿನ ಮೇಲೆ ಎಣ್ಣೆಯಂಥ ಪೊರೆ. ಕೋಳಿಗಳು ಅಂಗಳದಲ್ಲಿ ಒಂದೊಂದಾಗಿ ಕಾಲು ಮಡಚುತ್ತಿದ್ದವು. ಮೂಲೆ ಗುಡಿಸಲಿನ ಬಾಣಂತಿ ಕೂಸನ್ನು ಎದೆಗೊತ್ತಿಕೊಂಡು ಕೆಮ್ಮುತ್ತ ಜೋಳದೊಳಗೆ ಹೋಗಿ ನಿಂತಿದ್ದಳು.

ಅವ್ವ ಮಂಚದ ಮೇಲೆ ಇದ್ದಳು. ಎದ್ದು ಹೋಗುವ ಕಾಲು ಅವಳಿಗೆಲ್ಲಿ.

"ಮಳೆ ಬಂತೇನೇ?" ಅಂದಳು. "ಈ ಮಳೆ ಯಾಕೆ ಹೀಗೆ ನಾರುತ್ತೆ?"

ಕೂದಲಿನಿಂದ ಕಣ್ಣಿಗೆ ಇಳಿಯುತ್ತಿತ್ತು. ಒರೆಸುವುದಕ್ಕೆ ಒಣ ಬಟ್ಟೆ ಇಡೀ ಲೈನಿನಲ್ಲಿ ಇರಲಿಲ್ಲ. ಗುಂಡಿಯಕ್ಕ ಕೈಯಲ್ಲೇ ಒರೆಸಿದಳು. ಸ್ವಲ್ಪ ಹೊತ್ತಿಗೆ ಅವ್ವನ ಬಾಯಲ್ಲಿ ನೀರು ಸುರಿಯತೊಡಗಿತು. ಕಣ್ಣಿನ ಪಾಪೆ ಸಾಸಿವೆ ಕಾಳಾಯಿತು. ಮೈ ನಡುಗಿತು. ಹೆಂಗಸರು ಅವಳನ್ನು ಮಂಚದ ಸಮೇತ ಹೊತ್ತು ಆಫೀಸಿಗೆ ತಂದರು. ಕೊಟ್ಟಿಗೆಯಲ್ಲಿ ಜೀಪಿತ್ತು. ಅದರ ಮೇಲೆ ಲೈನಿನ ತಗಡಿತ್ತು.

ಸಾಹೇಬರು ಹೊರಗೆ ಬಂದರು. ಕೆಟ್ಟವರ ಮುಖವಲ್ಲ ಅದು. ಮೆತ್ತಗೆ ಮಾತಾಡುವ ಮನುಷ್ಯ.

"ಹೊಲದೊಳಗೆ ಯಾಕೆ ಹೋದಳು? ಸೈರನ್ ಕೇಳಲಿಲ್ವಾ?"

"ಹೊಲಕ್ಕೆ ಹೋಗಿಲ್ಲ ಸಾಹೇಬ್ರೇ. ಮನೆ ಮುಂದೆ ಮಲಗಿದ್ದಳು. ಅವಳಿಗೆ ನಡೆಯೋಕಾಗಲ್ಲ."

"ಮನೆ ಮೇಲೆ ಡ್ರೋನು ಹೋಗಲ್ಲ. ಅದಕ್ಕೆ ಲೆಕ್ಕ ಇದೆ."

"ಹೋಯಿತು."

"ನೀನು ಗಾಬರಿಯಲ್ಲಿದ್ದೀಯ. ಮೊದಲು ಆಸ್ಪತ್ರೆಗೆ ಕರಕೊಂಡು ಹೋಗು."

ಜೀಪು ಕೊಟ್ಟರು. ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಸೀಟಿಗೆ ಪ್ಲಾಸ್ಟಿಕ್ ಹಾಸಿ ಕೊಟ್ಟರು. ಅವ್ವ ಎರಡು ದಿನ ಉಸಿರಿಗೆ ಒದ್ದಾಡಿದಳು. ಶನಿವಾರ ಮಧ್ಯಾಹ್ನ ಜೀವ ಬಿಟ್ಟಳು. ಮಣ್ಣು ಮಾಡುವುದಕ್ಕೆ ಹೊಲದಲ್ಲಿ ಜಾಗ ಕೊಡಲಿಲ್ಲ, ಅದು ಬೆಳೆಯ ನೆಲ. ಕಾಲುವೆ ದಂಡೆಯಾಚೆ ಕಲ್ಲು ನೆಲದಲ್ಲಿ ಹಾರೆ ಹಾಕಿ ಹೆಂಗಸರೇ ತೋಡಿದರು. ಗುಂಡಿಯಕ್ಕ ಅಳಲಿಲ್ಲ. ಅವ್ವನ ಎರಡು ಬೆರಳು ಆಗಲೂ ಮಡಚಿಕೊಂಡಿದ್ದವು. ಅವನ್ನು ಬಿಡಿಸಿ ನೆಟ್ಟಗೆ ಮಾಡಿ ಮಲಗಿಸಿದಳು.

ಸೋಮವಾರ ಸಾಹೇಬರು ಕರೆಸಿದರು. ಚಿತ್ರದ ಕೋಣೆಗೆ. ಅವಳು ಅಷ್ಟು ವರ್ಷ ಒತ್ತಿದ್ದೆಲ್ಲ ಬಂದು ಸೇರಿದ ಕೋಣೆ ಅದು, ಆದರೆ ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಒಳಗೆ ತಣ್ಣಗಿತ್ತು. ಗೋಡೆಯಷ್ಟಗಲದ ಪರದೆ. ಅದರ ಮುಂದೆ ಗುಮಾಸ್ತ ಕೂತಿದ್ದ. ನರೆತ ಮನುಷ್ಯ, ಎದೆಗೆ ತೂಗುಬಿಟ್ಟ ಕನ್ನಡಕ, ತಲೆ ಎತ್ತದೆ ಕೆಲಸ ಮಾಡುವವನು. ಸಾಹೇಬರು ಹೇಳಿದ್ದನ್ನು ಅವನು ಪರದೆ ಮೇಲೆ ತಂದ. ಹಸಿರೋ ಹಸಿರು. ನಡುವೆ ಉಗುರಿನಷ್ಟು ಒಂದು ಕೆಂಪು ಮಚ್ಚೆ.

"ಇದು ಎಲ್ಲಿ ಗೊತ್ತಾ?"

"ಗೊತ್ತಿಲ್ಲ."

"ನಿಮ್ಮ ಲೈನು."

ಗುಂಡಿಯಕ್ಕ ನೋಡಿದಳು. ಅದರಲ್ಲಿ ಗುಡಿಸಲಿಲ್ಲ. ಅಂಗಳವಿಲ್ಲ. ಮಂಚವಿಲ್ಲ. ಹುಳ ಬಿದ್ದ ಬೆಳೆ ಹೇಗಿರುತ್ತದೋ ಹಾಗೇ ಇತ್ತು. ಇರದೆ ಏನು. ಮಾಡಿನ ಮೇಲಿದ್ದದ್ದು ಹುಳ ತಿಂದ ದಂಟೇ ಅಲ್ಲವೇ. ಅಂಥ ದಂಟು ಕಂಡರೆ ಹುಳ ಅಂತ ತಿಳಿ ಅಂತ ಅದಕ್ಕೆ ಅವಳೇ ಹೇಳಿಕೊಟ್ಟಿದ್ದಳು.

"ತಗಡಿದ್ದಿದ್ರೆ ಹೊಳೀತಿತ್ತು," ಅಂದಳು. "ಮನೆ ಅಂತ ಗೊತ್ತಾಗ್ತಿತ್ತು."

"ಅದು ಬೇರೆ ವಿಷಯ." ಸಾಹೇಬರು ಗುಮಾಸ್ತನಿಗೆ ಸನ್ನೆ ಮಾಡಿದರು. ಕೆಂಪು ಮಚ್ಚೆಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಬಂದವು. "ಇವು ನೆಲದ ಸಾಕ್ಷಿ. ಈ ಜಾಗದಲ್ಲಿ ನಿಂತು ಹುಳ ಇದೆ ಅಂತ ಒತ್ತಿದವರು. ಈ ಚುಕ್ಕೆ ನಿನ್ನ ಫೋನು. ಇದರ ಮೇಲೆ ನಾವು ಏನು ಮಾಡೋಕಾಗುತ್ತೆ ಹೇಳು."

ಗುಂಡಿಯಕ್ಕನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಫೋನು ಕೊಟ್ಟ ದಿನ. ಹಿಂದಿನ ದಿನ ಮಳೆಯಾಗಿ ಹೊಲ ಕೆಸರಾಗಿತ್ತು. ಸಾಹೇಬರ ಕಾಲಲ್ಲಿ ಹೊಸ ಬೂಟು. ಕೆಸರಿಗಿಳಿಯೋಕೆ ಮನಸ್ಸಿಲ್ಲದೆ ಲೈನಿನ ಅಂಗಳದಲ್ಲೇ ನಿಂತು ಕಲಿಸಿದರು. ತಗಡು ಕಿತ್ತ ಮಾಡಿನ ಮೇಲೆ ಆಗಷ್ಟೇ ದಂಟು ಹಾಸಿತ್ತು. ಅದನ್ನು ತೋರಿಸಿ, "ಇದೇ ಹೊಲ ಅಂದುಕೊಳ್ಳಿ, ಒಣಗಿದೆ ನೋಡಿ, ಹುಳ ತಿಂದಿದೆ, ಈಗ ಏನು ಒತ್ತಬೇಕು?" ಅಂದರು. ಹೆಂಗಸರು ಕೆಂಪು ಗುಂಡಿ ಒತ್ತಿದರು. "ಇನ್ನೊಂದು ಸಲ," ಅಂದರು. ಇನ್ನೊಂದು ಸಲ ಒತ್ತಿದರು. ಕುಳ್ಳಿ, "ನಮ್ಮ ಮನೆಗೇ ಹುಳ ಬಿಡಿಸ್ತಾರಲ್ಲಪ್ಪ," ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಸಾಹೇಬರೂ ನಕ್ಕಿದ್ದರು. ಮಂಚದ ಮೇಲೆ ಕೂತು ಅವ್ವನೂ ನಕ್ಕಿದ್ದಳು. ಆಗ ಅವಳಿಗೆ ಕೂರೋಕೆ ಆಗುತ್ತಿತ್ತು.

"ಅದು ನೀವೇ ಒತ್ತಿಸಿದ್ದು," ಅಂದಳು.

"ನಾನು ಒತ್ತಿಸಿದ್ದು ಅಂತ ಇದರಲ್ಲಿ ಇಲ್ಲಮ್ಮ. ನಿನ್ನ ಫೋನು ಅಂತ ಇದೆ."

"ಬೂಟು ಕೆಸರಾಗುತ್ತೆ ಅಂತ ಅಂಗಳದಲ್ಲಿ ನಿಂತಿರಿ."

ಸಾಹೇಬರು ಕಾಲನ್ನು ಕುರ್ಚಿ ಕೆಳಗೆ ಎಳೆದುಕೊಂಡರು. ಗುಮಾಸ್ತ ಕನ್ನಡಕ ಒರೆಸಿಕೊಂಡ.

"ಹೋಗಲಿ," ಅಂದಳು ಗುಂಡಿಯಕ್ಕ. "ಅವ್ವ ಹೋದಳು. ಈಗ ಆ ಮಚ್ಚೆ ಅಳಿಸಿ. ಇಲ್ಲಾಂದ್ರೆ ಬರೋ ಗುರುವಾರ ಮತ್ತೆ ಬರುತ್ತೆ. ಬಾಣಂತಿ ಇದ್ದಾಳೆ, ಕೂಸಿದೆ."

"ಅದು ನನ್ನ ಕೈಲಿಲ್ಲ. ಮೆಷಿನ್ ತೀರ್ಮಾನ ಅದು. ಇಲ್ಲಿ ಯಾರೂ ಕೈ ಹಾಕೋ ಹಾಗಿಲ್ಲ. ಮೇಲಿನ ಆಫೀಸಿಗೆ ಬರೀಬೇಕು. ಅವರು ನೋಡಿ, ವಿಚಾರಿಸಿ, ಮುಂದಿನ ಬೆಳೆ ಹೊತ್ತಿಗೆ ಆದರೂ ಆಗಬಹುದು. ಇನ್ನೊಂದು ಮಾತು. ಮನೆ ಇದೆ ಅಂತ ಬರೆದರೆ ಬೆಳೆ ನೆಲದಲ್ಲಿ ಮನೆ ಯಾಕೆ ಅಂತ ಕೇಳ್ತಾರೆ. ಆಮೇಲೆ ನಾನೇ ಕೆಡವಿಸಬೇಕಾಗುತ್ತೆ."

"ಅಂದ್ರೆ ಹುಳ ಆಗಿದ್ರೆ ಇರಬಹುದು. ಮನುಷ್ಯರು ಅಂದ್ರೆ ಏಳಬೇಕು."

"ನಾನು ಹಾಗೆ ಹೇಳಲಿಲ್ಲ."

"ಅರ್ಥ ಆಗೋ ಹಾಗೇ ಹೇಳಿದ್ರಿ."

ಸಾಹೇಬರು ಕುರ್ಚಿ ಮುಂದಕ್ಕೆಳೆದರು. ದನಿ ಇನ್ನೂ ಮೆತ್ತಗಾಯಿತು. ನಾಳೆ ಮೇಲಿನವರು ಸಾವಿನ ವಿಚಾರಣೆಗೆ ಬರುತ್ತಾರೆ. ಅವರೆದುರು ಅವಳು ಲೈನಿನ ಅಂಗಳದಲ್ಲಿ ನಿಂತು ಇನ್ನೊಂದು ಸಲ ಕೆಂಪು ಗುಂಡಿ ಒತ್ತಬೇಕು. ಅಲ್ಲಿ ಹುಳ ಇತ್ತು, ಡ್ರೋನು ಬಂದದ್ದು ಸರಿ, ಮುದುಕಿ ಸೈರನ್ ಕೇಳಿಯೂ ಏಳಲಿಲ್ಲ. ಅಷ್ಟಾದರೆ ಗುಡಿಸಲು ಅವರ ಕಣ್ಣಿಗೆ ಕಂಡರೂ ಕಾಗದಕ್ಕೆ ಬರುವುದಿಲ್ಲ, ಯಾರಿಗೂ ತೊಂದರೆ ಇಲ್ಲ. ಲೈನೂ ಉಳಿಯುತ್ತದೆ. ಅವಳಿಗೆ ಆಫೀಸಿನೊಳಗೆ, ನೆರಳಲ್ಲಿ, ಕಾಯಂ ಕೆಲಸ.

"ಗುರುವಾರ?"

"ಗುರುವಾರ ಬೆಳಿಗ್ಗೆ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಹೋಗಿ ನಿಲ್ಲಿ. ಅಷ್ಟೇ."

"ನೀರಿನ ಕೊಡ? ಹಾಸಿಗೆ? ಒಲೆ? ಅವೂ ಎದ್ದು ಹೊರಗೆ ಹೋಗಿ ನಿಲ್ತವಾ?"

ಸಾಹೇಬರು ಗಡಿಯಾರ ನೋಡಿದರು. ಮಾತು ಮುಗಿದಿತ್ತು.

ಮಂಗಳವಾರ ಮೇಲಿನವರು ಬಂದರು. ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರ ಮೂಗಿಗೂ ಬಿಳಿ ಮುಸುಕು, ಕಾಲಿಗೆ ಮೊಣಕಾಲುದ್ದ ರಬ್ಬರ್ ಬೂಟು. ಲೈನಿನವರ ಕಾಲು ಬರಿಗಾಲು. ವಿಷ ಬಿದ್ದ ಅದೇ ಅಂಗಳ. ಅದರ ಮೇಲೇ ಇವರು ಐದು ದಿನ ಓಡಾಡಿದ್ದರು, ಮಲಗಿದ್ದರು. ಅಂಗೈ ಅಂಗಾಲು ಸುಲಿದುಹೋಗಿದ್ದವು.

ಸಾಹೇಬರು ಗುಂಡಿಯಕ್ಕನನ್ನು ನಡುವೆ ನಿಲ್ಲಿಸಿದರು. "ಇವಳು ನಮ್ಮ ಹಳೇ ಸಾಕ್ಷಿ. ತುಂಬಾ ನಂಬಿಕೆಯ ಹೆಂಗಸು. ಒತ್ತಮ್ಮ."

ಫೋನು ಅವಳ ಕೈಯಲ್ಲಿತ್ತು. ಎರಡು ಗುಂಡಿ. ಕೆಂಪು, ಹಸಿರು. ಅವಳು ಆ ಎರಡನ್ನೂ ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಇದರಲ್ಲಿ ಇನ್ನೊಂದು ಗುಂಡಿ ಇಲ್ಲ," ಅಂದಳು.

"ಯಾವುದು?" ಅಂದಳು ಮುಸುಕಿನ ಹೆಂಗಸು.

"ಹುಳ ಇದೆ ಅನ್ನೋದು ಇದೆ. ಹುಳ ಇಲ್ಲ ಅನ್ನೋದು ಇದೆ. ಮನುಷ್ಯರಿದ್ದಾರೆ ಅನ್ನೋದು ಇಲ್ಲ."

"ಒತ್ತಮ್ಮ," ಅಂದರು ಸಾಹೇಬರು. "ಅವರಿಗೆ ಹೊತ್ತಾಗುತ್ತೆ."

ಗುಂಡಿಯಕ್ಕ ಅವ್ವನ ಮಂಚ ಎಳೆದು ತಂದು ಅಂಗಳದ ನಡುವೆ ಹಾಕಿದಳು. ಹಗ್ಗ ಇನ್ನೂ ಜಿಗುಟಾಗಿತ್ತು.

"ಒತ್ತುತ್ತೀನಿ," ಅಂದಳು. "ನೀವು ಇದರ ಮೇಲೆ ಮಲಗಿ. ಗುರುವಾರ ಬೆಳಿಗ್ಗೆವರೆಗೂ ಏಳಬೇಡಿ. ನೀವು ಮಲಗಿದ ಮೇಲೆ ಒತ್ತುತ್ತೀನಿ."

ಬಾಣಂತಿಯ ಕೂಸು ಕೆಮ್ಮಿತು.

"ದುಃಖದಲ್ಲಿದ್ದಾಳೆ," ಅಂದರು ಸಾಹೇಬರು ಮೇಲಿನವರಿಗೆ.

"ದುಃಖ ಶನಿವಾರ ಇತ್ತು. ಇದು ಬೇರೆ."

ಅವಳು ಫೋನು ಮಂಚದ ಮೇಲಿಟ್ಟಳು, ಮುಖ ಕೆಳಗೆ ಮಾಡಿ. ಅವಳ ಹಿಂದೆ ನಿಂತ ಹೆಂಗಸರು ಒಬ್ಬೊಬ್ಬರೇ ಬಂದು ತಮ್ಮ ಫೋನನ್ನೂ ಅಲ್ಲೇ ಇಟ್ಟರು. ಮುಸುಕಿನ ಹೆಂಗಸು ಏನೋ ಕೇಳಬೇಕು ಅಂತ ಒಂದು ಹೆಜ್ಜೆ ಮುಂದೆ ಇಟ್ಟಳು. ಗಂಡಸು ಅವಳ ತೋಳು ಮುಟ್ಟಿದ. ಇಬ್ಬರೂ ಜೀಪು ಹತ್ತಿದರು.

ಆ ಸಂಜೆ ಲೈನಿನಲ್ಲಿ ಒಲೆ ಹಚ್ಚಲಿಲ್ಲ. ಎಲ್ಲರೂ ಕಾಲುವೆ ದಂಡೆಯಲ್ಲಿ ಕೂತರು. ನಾಳೆ ಬುಧವಾರ. ಉಪಗ್ರಹ ಬರುತ್ತದೆ. ಮಾಡಿನ ಮೇಲೆ ದಂಟು ಇದ್ದರೆ ಮಚ್ಚೆ ಬೀಳುತ್ತದೆ. ದಂಟು ತೆಗೆಯಲೇಬೇಕು. ತೆಗೆದದ್ದನ್ನು ಎಲ್ಲಿ ಹಾಕುವುದು ಅನ್ನುವುದೇ ಮಾತು.

"ಸುಟ್ಟುಬಿಡೋಣ," ಅಂದಳು ಒಬ್ಬಳು.

"ಸುಟ್ಟರೆ ಹೊಗೆಗೇ ಸಾಯ್ತೀವಿ. ವಿಷ ಕುಡಿದ ದಂಟು ಅದು."

ಗುಂಡಿಯಕ್ಕ ಕುಳ್ಳಿಯ ಕಡೆ ತಿರುಗಿದಳು.

"ಆಫೀಸಿನ ತಾರಸಿ ಬೀಗ ಯಾರ ಹತ್ತಿರ ಇದೆ?"

"ನನ್ನ ಹತ್ತಿರವೇ. ಪಾರಿವಾಳದ ಹಿಕ್ಕೆ ತೊಳೆಯೋಕೆ ಇನ್ಯಾರು ಹತ್ತುತ್ತಾರೆ?" ಅಂದ ಕುಳ್ಳಿಗೆ ಹೇಳುತ್ತಿದ್ದಂತೆಯೇ ಹೊಳೆಯಿತು. ಹಲ್ಲು ಬಿಟ್ಟಳು. "ಅಯ್ಯೋ ಅಕ್ಕಾ! ಸುರೀಲಿ ಕಣೇ. ಅವರ ತಲೆ ಮೇಲೂ ಒಂದು ಸಲ ಸುರೀಲಿ."

"ಸುರಿಯಲ್ಲ," ಅಂದಳು ಗುಂಡಿಯಕ್ಕ.

"ಮತ್ತೆ ಯಾಕೆ?"

"ಸುರಿಯಲ್ಲ ಅಂತ ಕಣ್ಣಾರೆ ನೋಡೋಕೆ. ಯಾರೂ ಕೈ ಹಾಕೋ ಹಾಗಿಲ್ಲ ಅಂದರಲ್ಲ. ಹಾಕ್ತಾರೋ ಇಲ್ಲವೋ ನೋಡೋಣ."

"ಅಕಸ್ಮಾತ್ ನಿಜವಾಗಿಯೂ ಸುರಿದ್ರೆ? ಆ ಗುಮಾಸ್ತ ಪಾಪದವನು. ದಿನಾ ನನಗೆ ಅರ್ಧ ಚಹಾ ಕೊಡ್ತಾನೆ."

"ಆ ಹೊತ್ತಿಗೆ ನಾವೂ ಅಲ್ಲೇ ನಿಂತಿರೋಣ. ಬಿದ್ದರೆ ಎಲ್ಲರ ಮೇಲೂ ಬೀಳಲಿ."

ಆಫೀಸು ಮುಚ್ಚಿ, ಸಾಹೇಬರ ಜೀಪು ಹೋದ ಮೇಲೆ, ಬೆಳಕು ಇನ್ನೂ ಉಳಿದಿದ್ದಾಗಲೇ ಶುರು ಮಾಡಿದರು. ಮಾಡು ಹತ್ತಿ ದಂಟು ಕಿತ್ತರು. ಕಿತ್ತ ಕಡೆಯಿಂದೆಲ್ಲ ಬಿಳಿ ಪುಡಿ ಏಳುತ್ತಿತ್ತು. ಮೂಗಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿ ಉಸಿರು ಕಟ್ಟುತ್ತಿತ್ತು. ಕಣ್ಣು ಉರಿದು ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಹಾಗಿಲ್ಲ. ಸುಲಿದ ಅಂಗೈಗೆ ದಂಟು ತಾಗಿದರೆ ಜೀವ ಬಾಯಿಗೆ ಬರುತ್ತಿತ್ತು. ಹೊರೆ ಕಟ್ಟಿದರು. ತಲೆಗೇರಿಸಿದರು. ಬಾಣಂತಿಯೊಬ್ಬಳನ್ನು ಬಿಟ್ಟು ಇಡೀ ಲೈನು ನಡೆಯಿತು. ಆಫೀಸಿನ ಹಿಂದಿನ ಕಬ್ಬಿಣದ ಏಣಿಯಲ್ಲಿ ಕೈಯಿಂದ ಕೈಗೆ ಹೊರೆ ಏರಿತು. ಕುಳ್ಳಿ ಮೇಲೆ ನಿಂತು, ಹಾಸಿಗೆ ಹಾಸುವವಳ ಹಾಗೆ, ಮೂಲೆ ಬಿಡದೆ ಹರಡಿದಳು.

"ಸಾಹೇಬ್ರ ಕುರ್ಚಿ ಸರಿಯಾಗಿ ಈ ಕೆಳಗೆ," ಅಂದಳು. "ಇಲ್ಲಿ ಎರಡು ಹೊರೆ ಜಾಸ್ತಿ ಇರಲಿ."

ಬುಧವಾರ ಮೋಡ ಇರಲಿಲ್ಲ. ಮಾಡಿಲ್ಲದ ಗುಡಿಸಲಿನೊಳಗೆ ಬಿಸಿಲು ನೇರ ಬಿದ್ದಿತ್ತು. ಗುಂಡಿಯಕ್ಕ ಗೋಡೆಗೊರಗಿ ಆಕಾಶ ನೋಡಿದಳು. ಏನೂ ಕಾಣಲಿಲ್ಲ.

ಗುರುವಾರ ಇಬ್ಬನಿ ಆರುವ ಮುಂಚೆಯೇ ಹೆಂಗಸರೆಲ್ಲ ಆಫೀಸಿನ ಅಂಗಳಕ್ಕೆ ಬಂದು ನಿಂತರು. ಕೂಗಲಿಲ್ಲ. ಸುಮ್ಮನೆ ನಿಂತರು. ಔಷಧಿ ಲಾರಿ ಗೇಟಿನ ಆಚೆ ಬಂದು ನಿಂತಿತು, ಡ್ರೋನು ಇಳಿಸಿದರು. ಆಫೀಸಿನೊಳಗೆ ಫೋನು ಬಡಿದುಕೊಂಡಿತು. ಯಾರೋ ಓಡಾಡಿದ ಸದ್ದು. ಸಾಹೇಬರ ದನಿ, ಈ ಸಲ ಮೆತ್ತಗಿರಲಿಲ್ಲ. ಆಮೇಲೆ ಎಲ್ಲ ತಣ್ಣಗಾಯಿತು. ಲಾರಿಯವರು ಇಳಿಸಿದ ಡ್ರೋನನ್ನು ಮತ್ತೆ ಲಾರಿಗೇರಿಸಿ ಹೊರಟುಹೋದರು. ಸೈರನ್ ಕೂಡ ಆಗಲಿಲ್ಲ.

ಗುಮಾಸ್ತ ಕೈಯಲ್ಲಿ ಚಹಾ ಲೋಟ ಹಿಡಿದು ಬಾಗಿಲಿಗೆ ಬಂದ. ಹೆಂಗಸರನ್ನು ಕಂಡು ಅಲ್ಲೇ ನಿಂತ. ಗುಂಡಿಯಕ್ಕ ಹತ್ತಿರ ಹೋದಳು.

"ಮಚ್ಚೆ ಬಂದಿತ್ತಾ ಅಣ್ಣ?"

ಅವನು ಒಳಗೆ ತಿರುಗಿ ನೋಡಿ ಹೂಂ ಅಂದ.

"ಏನು ಮಾಡಿದ್ರಿ?"

"ಸಾಹೇಬ್ರು ಅಳಿಸು ಅಂದ್ರು. ಅಳಿಸಿದೆ."

"ಮೇಲಿನ ಆಫೀಸಿಗೆ ಬರೆದ್ರಾ?"

ಅವನು ಲೋಟದೊಳಗೆ ಊದಿದ.

"ಎಷ್ಟು ಹೊತ್ತು ಹಿಡೀತು?"

"ಹೊತ್ತೇನು," ಅಂದ ಗುಮಾಸ್ತ ನೆಲ ನೋಡುತ್ತ. "ಬೆರಳಿಟ್ಟೆ. ಹೋಯ್ತು."

ಗುಂಡಿಯಕ್ಕ ಅವನ ಬೆರಳು ನೋಡಿದಳು. ಲೋಟ ಹಿಡಿದ ಕೈ, ತೋರುಬೆರಳು. ಶುಭ್ರವಾಗಿತ್ತು. ಯಾವ ಕಲೆಯೂ ಇರಲಿಲ್ಲ. ಸೋಮವಾರವೂ ಆ ಬೆರಳು ಅಲ್ಲೇ ಇತ್ತು. ಅವಳು ಅದರ ಪಕ್ಕದಲ್ಲೇ ನಿಂತು ಬೇಡಿದ್ದಳು.

"ನಿಮ್ಮ ಬೆರಳು ಸೋಮವಾರ ಎಲ್ಲಿತ್ತು ಅಣ್ಣ?"

ಅವನು ಆ ಬೆರಳನ್ನು ಲೋಟದ ಹಿಂದೆ ಮಡಚಿಕೊಂಡ. "ಸಾಹೇಬ್ರು ಹೇಳದೇ ಇದ್ದರೆ ಹೇಗಮ್ಮ ಮಾಡಲಿ," ಅಂದ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ: "ನಿಮ್ಮ ಜಾಗ ಈ ಸಲ ಕೆಂಪು ಬಂದಿಲ್ಲ. ಹಸಿರೂ ಬಂದಿಲ್ಲ. ಖಾಲಿ ನೆಲ ಅಂತ ಬಂದಿದೆ."

ಸಾಹೇಬರು ಹೊರಗೆ ಬಂದರು. ಕುಳ್ಳಿ ಬೀಗದ ಕೈ ಸೊಂಟದಿಂದ ಬಿಚ್ಚಿ ಅವರ ಕಾಲ ಬಳಿ ಇಟ್ಟಳು.

"ತಾರಸಿ ಗುಡಿಸಿಲ್ಲ," ಅಂದಳು. "ನೀವೇ ಗುಡಿಸಿಕೊಳ್ಳಿ."

"ಇದಕ್ಕೆ ಏನಾಗುತ್ತೆ ಗೊತ್ತಾ ನಿಮಗೆ?" ಅಂದರು ಸಾಹೇಬರು.

"ಗೊತ್ತು," ಅಂದಳು ಗುಂಡಿಯಕ್ಕ. "ನಮಗೂ ಒಂದು ಗೊತ್ತಾಗಬೇಕಿತ್ತು. ಗೊತ್ತಾಯಿತು."

"ಏನು?"

"ಅವ್ವನ ಜೀವ ಉಳಿಸೋಕೆ ಒಂದು ಬೆರಳು ಇಟ್ಟಿದ್ರೆ ಸಾಕಿತ್ತು ಅಂತ."

ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಖಾಲಿ ನೆಲವನ್ನು ಕಂಪನಿ ಖಾಲಿ ಬಿಡುವುದಿಲ್ಲ. ಉಳುತ್ತದೆ. ಚಿತ್ರ ಖಾಲಿ ಅಂದ ಮೇಲೆ ಯಾರನ್ನೂ ಒಕ್ಕಲೆಬ್ಬಿಸಿದ ಹಾಗೂ ಆಗುವುದಿಲ್ಲ. ಟ್ರ್ಯಾಕ್ಟರು ಬಂತು. ಮಾಡಿಲ್ಲದ ಮಣ್ಣು ಗೋಡೆ, ಒಂದೇ ನೂಕಿಗೆ ಮಲಗಿತು. ಒಲೆಗಲ್ಲು ನೇಗಿಲಿಗೆ ಸಿಕ್ಕಿ ಕಿರ್ರ್ ಅಂದಾಗ ಓಡಿಸುವವನು ಇಳಿದು ಅವನ್ನು ಎತ್ತಿ ಬದಿಗೆ ಬಿಸಾಕಿದ. ಅವನು ಯಾರ ಮುಖವನ್ನೂ ನೋಡಲಿಲ್ಲ.

ಕೆಲಸದಿಂದ ತೆಗೆದ ಇವರನ್ನು ಹೊಲದಾಚೆ ಬಿಡಲು ಬಂದ ಲಾರಿ ಖಾಲಿ ಬರಲಿಲ್ಲ. ಬೇರೆ ಕಡೆಯಿಂದ ಹೊಸ ಹೆಂಗಸರನ್ನು ತುಂಬಿಕೊಂಡು ಬಂತು. ಗಂಟುಮೂಟೆ ಹಿಡಿದು ಅವರು ಇಳಿದರು. ಅವರಲ್ಲೊಬ್ಬಳ ಕೈಯಲ್ಲಿ ಆಗಲೇ ಫೋನಿತ್ತು, ಲೈನಿನವರು ಮಂಚದ ಮೇಲಿಟ್ಟುಬಂದ ಫೋನು. ಗುಂಡಿಯಕ್ಕ ಅವಳ ಮುಂದೆ ನಿಂತಳು.

"ಒತ್ತು ಅಂದ ಕೂಡಲೇ ಒತ್ತಬೇಡ ತಂಗಿ," ಅಂದಳು. "ಮೊದಲು ಎಲ್ಲಿ ನಿಂತಿದ್ದೀಯ ನೋಡಿಕೋ."

ಆ ಹೆಂಗಸು ಏನೂ ತಿಳಿಯದೆ ತಲೆ ಆಡಿಸಿದಳು. ಗುಂಡಿಯಕ್ಕ ಮಂಚವನ್ನು ಲಾರಿಗೆ ಎತ್ತಿದಳು. ಅದನ್ನು ಬಿಟ್ಟು ಬಾ ಅಂದರು ಯಾರೋ, ಅದರಲ್ಲಿ ವಿಷ ಇದೆ ಅಂದರು. ಅವಳು ಬಿಡಲಿಲ್ಲ.

ಸಾಹೇಬರು ಎಲ್ಲೂ ಹೋಗಲಿಲ್ಲ. ಗುಮಾಸ್ತನೂ ಹೋಗಲಿಲ್ಲ, ಕಿಟಕಿಯಲ್ಲಿ ನಿಂತಿದ್ದ. ಅವ್ವ ಹೋದದ್ದು ಹಿಂದಿನ ಶನಿವಾರ. ಗುಂಡಿಯಕ್ಕ, ಕುಳ್ಳಿ, ಕೆಮ್ಮುವ ಕೂಸನ್ನು ಹೊತ್ತ ಬಾಣಂತಿ, ಹೊರೆ ಹೊತ್ತ ಇಡೀ ಲೈನು ಹೋದದ್ದು ಈ ಶನಿವಾರ.